ಮಳೆಗಾಲದಲ್ಲಿ ಆರಿಸದ ಕಂಪ್ಯೂಟರ್

ಮೊನ್ನೆ ಮಗಳ ಜಾಮಿಟ್ರಿ ಬಾಕ್ಸಿನಿಂದ ಸೆಂಟ್ ರಬ್ಬರೊಂದು ಉರುಳಿ ಬಿತ್ತು. ಸ್ಟ್ರಾಬೆರಿಯದೆಂದು ಹೇಳುವ ಆ ಸಿಹಿ ವಾಸನೆ ಬೇರೆಯವರಿಗೆ ಶಾಲೆಯನ್ನು ನೆನಪಿಸಬಹುದು. ನನಗೆ ನೆನಪಾದದ್ದು ಒಂದು ಹೆದರಿಕೆ.

ಎರಡು ಸಾವಿರದ ಇಸವಿ ದಾಟಿದ ಮೊದಲ ಕೆಲವು ವರ್ಷಗಳಲ್ಲಿ ನಾನು ಮೂಡಿಗೆರೆಯಿಂದ ಪತ್ರಿಕೆಯೊಂದಕ್ಕೆ ವರದಿ ಕಳಿಸುತ್ತಿದ್ದೆ. ಫೋಟೊ ಕಳಿಸಲು, ಊರವರೆಲ್ಲ ಸ್ಟುಡಿಯೋ ಅಕ್ಕ ಎನ್ನುತ್ತಿದ್ದವರಲ್ಲಿಗೆ ಹೋಗಬೇಕಿತ್ತು. ಗಂಡ ತೀರಿಕೊಂಡ ಮೇಲೆ ಸ್ಟುಡಿಯೋವನ್ನು ಅವರೇ ನಡೆಸುತ್ತಿದ್ದರು. ಲೆನ್ಸಿಗೆ ಬೂಷ್ಟು ಹಿಡಿಯದಂತೆ ಕ್ಯಾಮೆರಾ ಬೀರುವಿನೊಳಗೆ ಬಲ್ಬ್ ಉರಿಸಿಡುವುದು ನಮ್ಮ ಕಡೆಯ ರೂಢಿ. ಅಕ್ಕ ಅದೇ ನ್ಯಾಯವನ್ನು ಕಂಪ್ಯೂಟರಿಗೂ ಅನ್ವಯಿಸಿದ್ದರು. ಮಳೆ ಹಿಡಿದ ಮೇಲೆ ಅದನ್ನು ಆರಿಸುತ್ತಲೇ ಇರಲಿಲ್ಲ. ಕರೆಂಟ್ ಹೋದರೆ ಇನ್ವರ್ಟರ್ ಇತ್ತು. "ಬೆಚ್ಚಗಿದ್ರೆ ಬದುಕಿರ್ತದೆ" ಅನ್ನುತ್ತಿದ್ದರು.

ಒಂದು ಆಷಾಢದಲ್ಲಿ ಒಬ್ಬ ಹುಡುಗಿ ಬಂದಳು. ಬೇಸಿಗೆಯಲ್ಲಿ ಅವಳ ಮದುವೆಯ ಫೋಟೊ ತೆಗೆದವರು ಅಕ್ಕನೇ. ಈಗ ಅವಳ ಅಪ್ಪ ಹಠಾತ್ತನೆ ತೀರಿಕೊಂಡಿದ್ದರು. ಮರುದಿನದ ಕಾರ್ಯಕ್ಕೆ ದೊಡ್ಡ ಫೋಟೊ ಬೇಕಿತ್ತು. ಮದುವೆಯ ಆಲ್ಬಂ ಇನ್ನೂ ಆಗಿರಲಿಲ್ಲ, ಕ್ಯಾಮೆರಾದ ಕಾರ್ಡನ್ನು ಅಳಿಸಿ ಬೇರೆ ಮದುವೆಗೆ ಬಳಸಿಯಾಗಿತ್ತು. ಇದ್ದ ಒಂದೇ ಪ್ರತಿ ಆ ಕಂಪ್ಯೂಟರಿನೊಳಗೆ. ಅಪ್ಪನನ್ನು ಜನರ ನಡುವಿನಿಂದ ಬಿಡಿಸಿ ದೊಡ್ಡದು ಮಾಡಲು ಹೋದಾಗಲೆಲ್ಲ ಅದು ಹ್ಯಾಂಗ್ ಆಗುತ್ತಿತ್ತು. ಹೆಚ್ಚಿನ ರ‍್ಯಾಮ್, ಅಂದರೆ ಇನ್ನೊಂದು ಮೆಮೊರಿ ಪಟ್ಟಿ, ಹಾಕದೆ ದಾರಿಯಿರಲಿಲ್ಲ. ಅಕ್ಕ ಅದನ್ನು ಚಿಕ್ಕಮಗಳೂರಿನ ಅಂಗಡಿಯಿಂದ ಬಸ್ಸಿನಲ್ಲಿ ತರಿಸಿದರು. ಮೊದಲು ಫೋಟೊಗಳನ್ನು ಸಿಡಿಗೆ ಇಳಿಸಿಡಬೇಕೆಂದು ಆ ಅವಸರದಲ್ಲಿ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಅದನ್ನು ಕೂರಿಸಲು ಅಕ್ಕ ಕಂಪ್ಯೂಟರನ್ನು ಆರಿಸಿದರು. ಫ್ಯಾನಿನ ಸದ್ದು ನಿಂತ ಮೇಲೆ ಸ್ಟುಡಿಯೋ ಬೇರೆಯೇ ಜಾಗದಂತಿತ್ತು... ಕಂಪ್ಯೂಟರಿನ ಡಬ್ಬಿ ಬಿಚ್ಚಿದಾಗ ನಾನು ಟಾರ್ಚ್ ಹಿಡಿದೆ.

"ನೆಟ್ಟಗೆ ಹಿಡಿ ಮಾರಾಯ. ಪೇಪರಲ್ಲಾದ್ರೆ ಊರಿಗೆಲ್ಲ ಬೆಳಕು ಹಿಡಿತೀಯ!" ಎಂದರು ಅಕ್ಕ.

ಹೊಸ ರ‍್ಯಾಮ್ ಕೂರಿಸಿ ಅಕ್ಕ ಸ್ವಿಚ್ ಒತ್ತಿದರು. ಉದ್ದನೆಯ ಬೀಪ್. ಪರದೆ ಕಪ್ಪು. ಹಳೆಯದನ್ನಷ್ಟೇ ಹಾಕಿ ನೋಡಿದರೂ ಅದೇ ಬೀಪ್.

"ಅಪ್ಪ ಇದಾರಲ್ಲ ಅಕ್ಕ, ಅದ್ರಲ್ಲಿ?" ಬೆಂಚಿನಿಂದ ಹುಡುಗಿ ಕೇಳಿದಳು.

ಅಕ್ಕ ಮತ್ತೊಮ್ಮೆ ಸ್ವಿಚ್ ಒತ್ತಿದರು, ಅದೇ ಬೀಪ್. ಹೊರಗೆ ಮಳೆ, ಚಳಿ. ಅವರ ಕುತ್ತಿಗೆಯಲ್ಲಿ ಬೆವರು. "ನೆಗೆಟಿವ್ ಇದ್ದಿದ್ರೆ..." ಎಂದು ನನಗಷ್ಟೇ ಕೇಳುವಂತೆ ಹೇಳಿ ನಿಲ್ಲಿಸಿದರು. ಘಾಟಿಯ ಅಪಘಾತಗಳನ್ನು ಹತ್ತಿರದಿಂದ ನೋಡಿ ಬರೆದವನು ನಾನು. ಆ ಬೀಪಿಗೆ ಹೆದರಿದಷ್ಟು ಯಾವುದಕ್ಕೂ ಹೆದರಿರಲಿಲ್ಲ.

ಚಿಕ್ಕಮಗಳೂರಿನ ಅಂಗಡಿಯವರಿಗೆ ಫೋನ್ ಮಾಡಿದೆ. "ಥಂಡಿ ಹಿಡಿದಿರ್ತದೆ ಮಾರಾಯ್ರೆ. ರ‍್ಯಾಮ್‌ನ ಹಳದಿ ಅಂಚನ್ನ ರಬ್ಬರಲ್ಲಿ ತಿಕ್ಕಿ. ಹಾರ್ಡ್ ಡಿಸ್ಕ್ ಹೋಗಿದ್ರೆ ಮಾತ್ರ ನನ್ನ ಕೇಳ್ಬೇಡಿ" ಎಂದರು.

ಪಕ್ಕದ ಅಂಗಡಿಯಲ್ಲಿ ಸಿಕ್ಕಿದ್ದು ಸೆಂಟ್ ರಬ್ಬರ್. ಅಕ್ಕ ತಿಕ್ಕಿದರು, ಊದಿದರು, ಮತ್ತೆ ತಿಕ್ಕಿದರು. ಕೋಣೆಯೆಲ್ಲ ಸಿಹಿ ವಾಸನೆ. ಹಳೆಯದು, ಹೊಸದು ಎರಡನ್ನೂ ಕೂರಿಸಿದ ಮೇಲೆ ಸ್ವಿಚ್ ಒತ್ತಲು ಅವರಿಗೆ ಧೈರ್ಯ ಬರಲಿಲ್ಲ. "ನೀನೇ ಒತ್ತು ಮಾರಾಯ್ತಿ" ಎಂದು ಹುಡುಗಿಯನ್ನು ಕರೆದರು.

ಚಿಕ್ಕದೊಂದು ಬೀಪ್. ಪರದೆ ಬೆಳಗಿತು. ಅಕ್ಕ ಕ್ಲಿಕ್ಕಿಸಿದೊಡನೆ ಥಟ್ಟನೆ ತೆರೆದ ಮದುವೆಯ ಚಿತ್ರದಲ್ಲಿ ಅವಳ ಅಪ್ಪ ಯಾರನ್ನೋ ಊಟಕ್ಕೆ ಕರೆಯುತ್ತ ನಿಂತಿದ್ದರು. ಹುಡುಗಿ ಅಳಲಿಲ್ಲ. ಅತ್ತವರು ಅಕ್ಕ.

ಫೋಟೊ ತಿದ್ದುವ ಮೊದಲೇ ಅವರು ಎಲ್ಲವನ್ನೂ ಎರಡೆರಡು ಸಿಡಿಗೆ ಇಳಿಸಿದರು. ಒಂದು ಹುಡುಗಿಗೆ, ಇನ್ನೊಂದು ನನಗೆ. "ನಮ್ಮವ್ವ ಬಿತ್ತನೆ ಭತ್ತಾನ ಒಂದೇ ಮನೇಲಿ ಇಡ್ತಿರ್ಲಿಲ್ಲ. ಇದು ನಿನ್ನ ಮನೇಲಿರ್ಲಿ."

ಅಲ್ಲಿಂದ ಅದೇ ಪದ್ಧತಿಯಾಯಿತು. ಅವರು ತೆಗೆದ ಮದುವೆಗಳೆಲ್ಲ ನನ್ನ ಬೀರುವಿನಲ್ಲಿ, ನನ್ನ ಫೋಟೊಗಳೆಲ್ಲ ಅವರ ಮನೆಯಲ್ಲಿ. ಹೆದರಿಕೆ ಮಾತ್ರ ಅವರನ್ನು ಬಿಡಲಿಲ್ಲ. ಆಮೇಲೆ ಬೇಸಿಗೆಯಲ್ಲೂ ಆ ಕಂಪ್ಯೂಟರನ್ನು ಆರಿಸಲಿಲ್ಲ...

ಕಳೆದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು. ಈ ವಾರ ನನ್ನ ಹಳೆಯ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿಸಬೇಕಿತ್ತು. ಮೊದಲು ಫೋಟೊಗಳ ಎರಡನೆಯ ಪ್ರತಿಯನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು, ಅದನ್ನು ಜೇಬಿಗೆ ಹಾಕಿ, ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋದೆ. ಇಟ್ಟು ಬರಲು ಇನ್ನೊಂದು ಮನೆ ಇರಲಿಲ್ಲ.