ಚೊಚ್ಚಲ ಕಡಸಿಗೆ ಹೋರಿ ಆರಿಸುವ ಪವಿತ್ರ

ಬೆಳಗಿನ ಐದೂವರೆ. ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಹೋಬಳಿಯ ಒಂದು ಸಣ್ಣ ಊರು. ಮುತ್ಯಾಲಮ್ಮನವರ ಕೊಟ್ಟಿಗೆಯ ಬಲ್ಬಿನ ಕೆಳಗೆ ಪವಿತ್ರ ಕುಕ್ಕರಗಾಲಲ್ಲಿ ಕೂತಿದ್ದಾರೆ. ಎದುರಿಗೆ ಕೆಂದು ಬಣ್ಣದ ಕಡಸು ಮಲಗಿದೆ, ಇದು ಅದರ ಚೊಚ್ಚಲು. ಕರುವಿನ ಮುಂಗಾಲಿನ ಗೊರಸುಗಳು ಕಾಣಿಸಿ ಕಾಲು ಗಂಟೆಯಾಗಿದೆ, ಮೂತಿ ಇನ್ನೂ ಕಂಡಿಲ್ಲ. ಮುತ್ಯಾಲಮ್ಮ ಹಗ್ಗ ಹಿಡಿದು ನಿಂತಿದ್ದಾರೆ.

"ಎಳಿಬ್ಯಾಡಿ ಅಕ್ಕ. ಕಾಲು ಎರಡೂ ನೆಟ್ಟಗವೆ. ಅವ್ಳೇ ಮುಕ್ಕಲಿ, ಬರ್ತೈತೆ," ಎನ್ನುತ್ತಾರೆ ಪವಿತ್ರ. ದನಿಯೇನೋ ಗಟ್ಟಿಯಾಗಿದೆ, ಕೈ ಮಾತ್ರ ದುಪಟ್ಟಾದ ತುದಿಯನ್ನು ಹಿಂಡುತ್ತಿದೆ.

ನಿಜ ಹೇಳಬೇಕೆಂದರೆ ಈ ಹೊತ್ತಿಗೆ ಅವರಿಗೆ ಇಲ್ಲಿ ಕೆಲಸವೇ ಇಲ್ಲ. ಅವರ ಕೆಲಸ ಒಂಬತ್ತು ತಿಂಗಳ ಹಿಂದೆಯೇ ಮುಗಿದಿದೆ. ಮೂವತ್ನಾಲ್ಕರ ಪವಿತ್ರ ಬೆದೆಗೆ ಬಂದ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವರು. ಊರವರ ಬಾಯಲ್ಲಿ 'ಕ್ರಾಸ್ ಮಾಡೋ ಪವಿತ್ರಮ್ಮ'. ಸ್ಕೂಟರಿನ ಮುಂದೆ ಮೂರು ಲೀಟರಿನ ದ್ರವ ಸಾರಜನಕದ ಕ್ಯಾನು, ಅದರ ಚಳಿಯಲ್ಲಿ ಹೋರಿಗಳ ವೀರ್ಯದ ಕಡ್ಡಿಗಳು. ಹದಿನಾಲ್ಕು ಊರು, ದಿನಕ್ಕೆ ಆರೇಳು ಹಸು, ಐವತ್ತು ಕಿಲೋಮೀಟರ್. ಬೆದೆಗೆ ಬಂದು ಬೆಳಿಗ್ಗೆ ಕೂಗಿದ ಹಸುವಿಗೆ ಸಂಜೆ ಕಡ್ಡಿ, ಸಂಜೆ ಕೂಗಿದ್ದಕ್ಕೆ ಮರುದಿನ ಬೆಳಿಗ್ಗೆ. ಹತ್ತರಲ್ಲಿ ನಾಲ್ಕೈದು ಗಬ್ಬ ನಿಂತರೆ ಒಳ್ಳೆಯ ಕೈಗುಣವೆಂದು ಹೊಗಳುವ ಜನ, ಒಂದು ತಪ್ಪಿದರೂ ಫೋನಿನಲ್ಲೇ ಸಹಸ್ರನಾಮ ಮಾಡುತ್ತಾರೆ. ಹೆಂಗಸು ಈ ಕೆಲಸ ಮಾಡುವುದೇ ಎಂದು ಮೊದಮೊದಲು ಮೂಗು ಮುರಿದವರೂ ಈಗ ಹಸು ಕೂಗಿದರೆ ಅವರಿಗೇ ಫೋನ್ ಮಾಡುತ್ತಾರೆ.

ಜಗಳ ಬರುವುದು ಹೋರಿ ಆರಿಸುವಾಗ. ಹಾಲೆಂಡ್ ಕಡೆಯ ಎಚ್‌ಎಫ್ ತಳಿ ಹಾಲಿಗೆ ಹೆಸರಾದದ್ದು. ದೇಹ ದೊಡ್ಡದು, ಹೊಟ್ಟೆಯಲ್ಲಿನ ಕರುವೂ ದೊಡ್ಡದು. ಜರ್ಸಿಯ ಕರು ಚಿಕ್ಕದು, ಹೆರಿಗೆ ಸಲೀಸು, ಹಾಲು ಕೊಂಚ ಕಡಿಮೆ. ಡೈರಿಯಲ್ಲಿ ಲೀಟರು ನೋಡಿ ರೂಢಿಯಾದವರಿಗೆ ಎಚ್‌ಎಫ್ ಬಿಟ್ಟರೆ ಬೇರೆ ಮಾತಿಲ್ಲ. ಪವಿತ್ರ ಮಾತ್ರ ಕಡಸಿನ ಸೊಂಟದ ಎರಡು ಮೂಳೆಗಳ ನಡುವೆ ಗೇಣು ಹಾಕಿ ಅಳೆಯುತ್ತಾರೆ. ಅವರ ಕೈಯಲ್ಲಿ ಎರಡು ಗೇಣು ತುಂಬದಿದ್ದರೆ ಮೊದಲ ಸಲ ಜರ್ಸಿಯೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹುಟ್ಟುವ ಕರುವಿಗೂ ಸಲ್ಲುತ್ತದೆ, ಆದರೆ ಅದನ್ನು ಕರುವಿಗೆ ಹೇಳುವವರ್ಯಾರು?

ಈ ಹಟ ಪುಸ್ತಕದಿಂದ ಬಂದದ್ದಲ್ಲ. ಎಂಟು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೂದಿಗೆರೆ ಕಡೆಯ ಬೈರಣ್ಣ ಎಂಬ ರೈತರ ಪುಟ್ಟ ಕಡಸಿಗೆ ಅವರು ಕೇಳಿದರೆಂದು ಪವಿತ್ರ ಎಚ್‌ಎಫ್ ಹಾಕಿಬಿಟ್ಟಿದ್ದರು. "ದೊಡ್ಡೋರು ಹೇಳ್ತಾವ್ರೆ, ನಾನ್ಯಾಕೆ ಎದುರು ಮಾತಾಡ್ಲಿ ಅಂತ ಸುಮ್ನಾದೆ. ಈಯೋವಾಗ ಕರು ಭುಜ ಸಿಕ್ಕಾಕ್ಕೊಂಡು ನಾಲ್ಕು ಜನ ಎಳುದ್ರಂತೆ. ಡಾಕ್ಟ್ರು ಬರೋಷ್ಟ್ರಲ್ಲಿ ಕರು ಹೋಗಿತ್ತು. ಕಡಸು ಮತ್ತೆ ಎದ್ದೇಳ್ಲೇ ಇಲ್ಲ, ನಾಲ್ಕನೇ ದಿನ ಅದೂ ಹೋಯ್ತು. ನಂಗೆ ಗೊತ್ತಾಗಿದ್ದು ಒಂದು ವಾರ ಆದ್ಮೇಲೆ, ಡೈರಿ ಹತ್ರ ಯಾರೋ ಹೇಳುದ್ರು." ಬೈರಣ್ಣ ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎಂದು ಪವಿತ್ರ ಇಂದಿಗೂ ಕೊರಗುತ್ತಾರೆ. ಅಂದಿನಿಂದ ತಾವು ಹೋರಿ ಆರಿಸಿದ ಕಡಸು ಮೊದಲ ಸಲ ಈಯುವಾಗ ಯಾರು ಕರೆಯಲಿ ಬಿಡಲಿ, ಅಲ್ಲಿರುತ್ತಾರೆ.

ಮುತ್ಯಾಲಮ್ಮನ ಯಜಮಾನರು ವೆಂಕಟರಾಮಪ್ಪ. ಕರುವಿದ್ದಾಗಿನಿಂದ ಸಾಕಿದ ಈ ಒಂದೇ ಕಡಸಿನ ಮೇಲೆ ಮನೆಯವರ ಆಸೆಯೆಲ್ಲ ನಿಂತಿದೆ. ಫೆಬ್ರವರಿಯಲ್ಲಿ ಪವಿತ್ರ ಜರ್ಸಿಯ ಕಡ್ಡಿ ತೆಗೆದಾಗ ವೆಂಕಟರಾಮಪ್ಪ ರೇಗಿದ್ದರು. "ಊರೆಲ್ಲಾ ಎಚ್‌ಎಫ್ ಹಾಕಿಸ್ಕೊಂಡು ಹಾಲಿನ ಕ್ಯಾನ್ ತುಂಬ್ತಾವ್ರೆ. ನಮಗ್ಯಾಕಮ್ಮ ಜರ್ಸಿ? ಊರಿಗೊಂದು ದಾರಿಯಾದ್ರೆ ಎಡವಟ್ಟಂಗೇ ಒಂದು ದಾರಿ." ಮುತ್ಯಾಲಮ್ಮ ಒಪ್ಪಿದ್ದರಿಂದ ಕೆಲಸವಾಯಿತು. ಆವತ್ತಿನಿಂದ ವೆಂಕಟರಾಮಪ್ಪ ಪವಿತ್ರರನ್ನು ದಾರಿಯಲ್ಲಿ ಕಂಡರೂ ಮಾತಾಡಿಸಿಲ್ಲ. ಇಂದು ಈ ಕರುವೂ ಸಿಕ್ಕಿಕೊಂಡರೆ ಮನೆಯ ಕಡಸು ಹೋಗುತ್ತದೆ, ಅದರ ಜೊತೆಗೆ ಪವಿತ್ರರ ಮಾತಿಗಿದ್ದ ಬೆಲೆಯೂ.

ಆರಕ್ಕೆ ಮೂತಿ ಕಾಣುತ್ತದೆ. ಕಡಸು ಮೂರು ಬಾರಿ ಬಲವಾಗಿ ಮುಕ್ಕುತ್ತದೆ. ಭುಜ ಜಾರಿದ ಮೇಲೆ ಕರು ಸರ್ರನೆ ಹುಲ್ಲಿನ ಮೇಲೆ ಬೀಳುತ್ತದೆ. ಹಗ್ಗಕ್ಕೆ ಕೆಲಸವೇ ಬರಲಿಲ್ಲ. ಮುತ್ಯಾಲಮ್ಮ ಕರುವಿನ ಬಾಲ ಎತ್ತಿ ನೋಡಿ, "ಗಂಡು ಕಣಮ್ಮ," ಎಂದು ನಿಟ್ಟುಸಿರು ಬಿಡುತ್ತಾರೆ. ಹಾಲಿನ ಮನೆಯಲ್ಲಿ ಗಂಡು ಕರು ಯಾರಿಗೆ ಬೇಕು? ಪವಿತ್ರ ಅದರ ಮೂಗಿನ ಲೋಳೆ ಒರೆಸಿ ತಾಯಿಯ ಮುಂದೆ ಸರಿಸುತ್ತಾರೆ. ಆಮೇಲೆ ಅವರ ಕಣ್ಣೆಲ್ಲ ತಾಯಿಯ ಹಿಂಗಾಲುಗಳ ಮೇಲೆ. ಹತ್ತು ನಿಮಿಷ. ಕಡಸು ಹಿಂಭಾಗ ಎತ್ತುತ್ತದೆ, ತೂರಾಡುತ್ತದೆ, ನಿಲ್ಲುತ್ತದೆ. ಪವಿತ್ರ ಗೋಡೆಗೊರಗಿ ಕಣ್ಣೊರೆಸಿಕೊಳ್ಳುತ್ತಾರೆ.

ಅಷ್ಟರಲ್ಲಿ ವೆಂಕಟರಾಮಪ್ಪ ಮನೆಯ ಹಳೇ ಹಸುವಿನ ಹಾಲನ್ನು ಡೈರಿಗೆ ಹಾಕಿ ಬರುತ್ತಾರೆ. ಹೆಂಡತಿಯನ್ನು ಕೇಳದೆ ನೇರ ಪವಿತ್ರರನ್ನೇ ಕೇಳುತ್ತಾರೆ.

"ಎದ್ಲಾ?"

"ಎದ್ದವ್ಳೆ ಅಣ್ಣ. ಕರು ಗಂಡು."

"ಇರ್ಲಿ ಬಿಡು." ಕಡಸಿನ ಬೆನ್ನು ಸವರುತ್ತಾರೆ. "ಮುಂದಿನ ಸಲಾನೂ ನೀನೇ ನೋಡಿ ಹಾಕಮ್ಮ. ಜರ್ಸಿ ಅಂದ್ರೆ ಜರ್ಸಿನೇ."

ಪವಿತ್ರ ಸ್ಕೂಟರಿನ ಕಡೆ ನಡೆಯುತ್ತಾ ನಗುತ್ತಾರೆ. "ಮುಂದಿನ ಸಲ ಎಚ್‌ಎಫ್ ಹಾಕಣ ಅಣ್ಣ. ಒಂದು ಸಲ ಈದಾಯ್ತು, ಇನ್ನು ದೊಡ್ಡ ಕರುನೂ ಅವ್ಳು ತಡ್ಕೋತಾಳೆ."