ಗುರುವಾರದ ತಾಮ್ರ

ಕಣ್ಣು ಮುಚ್ಚಿದರೆ ಈಗಲೂ ಮೊದಲು ಕಾಣುವುದು ಆ ಬಣ್ಣ. ಗಾಜಿನ ಆಚೆ ಬಕೆಟ್ಟಿನಿಂದ ಎದ್ದು, ಕಾಕನ ಎದೆಯವರೆಗೆ ಏರಿ, ಮುಖವನ್ನೇ ನುಂಗಿಬಿಟ್ಟ ಕಂದು ಹೊಗೆ. ತಿಂಗಳುಗಳು ಕಳೆದಿವೆ. ಆದರೂ ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಅಂದರೆ ಸಾಕು, ನಾನು ಒಂದು ಹೆಜ್ಜೆ ಹಿಂದೆ ಹಾರುತ್ತೇನೆ.

ನಾನು ಕೆಲಸ ಮಾಡುವುದು ಕುವೈತಿನ ಫಹಾಹೀಲ್ ಪೇಟೆಯ ಒಂದು ಚಿನ್ನ ಪರೀಕ್ಷೆಯ ಅಂಗಡಿಯಲ್ಲಿ. ಒಡವೆ ಮಾರುವುದಿಲ್ಲ, ಕೊಳ್ಳುವುದೂ ಇಲ್ಲ. ತಂದ ಚಿನ್ನ ಎಷ್ಟು ಶುದ್ಧ ಎಂದು ಹೇಳಿ ಕಳಿಸುವುದಷ್ಟೇ. ಯಜಮಾನರು ನಮ್ಮ ದಕ್ಷಿಣ ಕನ್ನಡದ ಬ್ಯಾರಿ, ಅರವತ್ತು ದಾಟಿದವರು. ಎಲ್ಲರಿಗೂ ಅವರು ಕಾಕ. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ, ಮದುವೆಯಾಗಿ ಪಕ್ಕದ ಅಬು ಹಲೀಫಾಕ್ಕೆ ಬಂದ ನಾನು ಕೆಲಸ ಕೇಳಿಕೊಂಡು ಹೋದಾಗ, ರಕ್ಷಣೆಯ ಕನ್ನಡಕ ಹಾಕದೆ ಆಸಿಡ್ ಮುಟ್ಟುವುದಿಲ್ಲ ಎಂದು ಹೇಳಿದ್ದೆ. ಅಂದಿನಿಂದ ಅವರ ಬಾಯಲ್ಲಿ ನಾನು ಟೀಚರ್.

ಅಂಗಡಿ ಹುಟ್ಟಿದ್ದು ಒಂದು ಮೇಜು, ಒಂದು ಒರೆಗಲ್ಲಿನಿಂದ. ಆಗ ಈ ಊರಿನ ಆಚೆ ಎಣ್ಣೆಬಾವಿಗಳು, ಅದರಾಚೆ ಬರೀ ಮರಳು. ಅಲ್ಲಿಂದ ಸಂಬಳ ಹಿಡಿದು ಬಂದವರು ಪೇಟೆಯಲ್ಲಿ ಚಿನ್ನ ಕೊಳ್ಳುತ್ತಿದ್ದರು, ಕೊಂಡ ಮೇಲೆ ಸಂಶಯಪಡುತ್ತಿದ್ದರು, ಸಂಶಯ ಕಳೆಯಲು ಕಾಕನ ಮೇಜಿಗೆ ಬರುತ್ತಿದ್ದರು. ಕೊಲ್ಲಿ ಯುದ್ಧ ಮುಗಿದ ಮೇಲೆ ಅಂಗಳದಲ್ಲಿ ಹೂತಿಟ್ಟ ಚಿನ್ನವನ್ನು ಅಗೆದು, ಮಣ್ಣಿನ ಸಮೇತ ತಂದು ಸುರಿದವರೂ ಇದ್ದರಂತೆ. ಆ ದಿನಗಳಲ್ಲೇ ಮೇಜು ಅಂಗಡಿಯಾಯಿತು, ಹಿಂದಿನ ಕೋಣೆಗೆ ಕುಲುಮೆಯೂ ಆಸಿಡ್ಡೂ ಬಂದವು. ಗಿರಾಕಿಯ ಕಣ್ಣೆದುರೇ ಪರೀಕ್ಷೆಯಾಗಬೇಕು ಎಂಬ ಒರೆಗಲ್ಲಿನ ಕಾಲದ ನೇಮವನ್ನು ಮಾತ್ರ ಕಾಕ ಬಿಡಲಿಲ್ಲ. ಹಿಂದಿನ ಕೋಣೆಯ ಗೋಡೆ ಒಡೆಸಿ ದೊಡ್ಡ ಗಾಜು ಹಾಕಿಸಿದರು.

ಇನ್ನೊಂದು ನೇಮ ಗುರುವಾರದ್ದು. ಪರೀಕ್ಷೆಗೆ ತೆಗೆದ ಚೂರಿಗೆ ಬೆಳ್ಳಿ ಬೆರೆಸಿ ನೈಟ್ರಿಕ್ ಆಸಿಡ್‌ನಲ್ಲಿ ಕುದಿಸಿದರೆ ಬೆಳ್ಳಿ ಕರಗಿ ಚಿನ್ನ ಉಳಿಯುತ್ತದೆ. ಆ ಬಳಸಿದ ಆಸಿಡ್ ಒಂದು ಪ್ಲಾಸ್ಟಿಕ್ ಬಕೆಟ್ಟಿಗೆ ಹೋಗುತ್ತದೆ. ವಾರದ ಕೊನೆಗೆ, ಶುಕ್ರವಾರದ ರಜೆಯ ಹಿಂದಿನ ದಿನ, ಅದಕ್ಕೆ ಹಳೆಯ ಎಸಿ ಪೈಪಿನ ತಾಮ್ರದ ತುಂಡುಗಳನ್ನು ಹಾಕಿದರೆ ತಾಮ್ರ ಕರಗುತ್ತದೆ, ಬೆಳ್ಳಿ ಬೂದಿಯ ಹಾಗೆ ತಳಕ್ಕೆ ಇಳಿಯುತ್ತದೆ. ಆಸಿಡ್ ಶಕ್ತಿ ಕಳೆದು ದಣಿದಿದ್ದರೆ ಇದೆಲ್ಲ ಸದ್ದಿಲ್ಲದೆ ನಡೆಯುವ ಕೆಲಸ.

ಈಚೆಗೆ ಅಂಗಡಿಗೆ ಎಕ್ಸ್‌ರೇ ಯಂತ್ರ ಬಂತು. ಒಡವೆ ಒಳಗಿಟ್ಟರೆ ನಿಮಿಷದಲ್ಲಿ ಉತ್ತರ. ಆಸಿಡ್ ಪರೀಕ್ಷೆ ಅಪರೂಪವಾಯಿತು. ಆದರೆ ಬೆಳಿಗ್ಗೆ ಆಸಿಡ್ ಅಳೆದಿಡುವುದು, ಉಳಿದದ್ದನ್ನು ಸಂಜೆ ಅದೇ ಬಕೆಟ್ಟಿಗೆ ಸುರಿಯುವುದು ಹಾಗೇ ನಡೆದಿತ್ತು. ಬಕೆಟ್ಟಿನಲ್ಲಿ ಈಗ ಇದ್ದದ್ದು ದಣಿದ ಆಸಿಡ್ ಅಲ್ಲ, ಹೆಚ್ಚುಕಡಿಮೆ ಹೊಸದೇ. ಅದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಗುರುವಾರ ಬಂತು, ತಾಮ್ರ ಹೋಯಿತು.

ಆ ಬೆಳಿಗ್ಗೆ ರುಮೈಥಿಯಾದಿಂದ ಕುವೈತಿ ಅಜ್ಜಿಯೊಬ್ಬರು ಬಂದಿದ್ದರು, ತಾಯಿಯ ಕಾಲದ ಬಳೆ ಹಿಡಿದು. ಯಂತ್ರ ಹೇಳಿದ ಸಂಖ್ಯೆ ಅವರಿಗೆ ಹಿಡಿಸಲಿಲ್ಲ. ಪೆಟ್ಟಿಗೆಯ ಮಾತು ಬೇಡ, ಬೆಂಕಿಯಲ್ಲಿ ನೋಡಿ ಹೇಳು ಎಂದು ಪಟ್ಟು ಹಿಡಿದರು. ಕಾಕನಿಗೆ ಒಳಗೊಳಗೇ ಖುಷಿ. ಬಳೆಯ ಒಂದು ಚೂರು ತೆಗೆದು, ಕುಲುಮೆಯಲ್ಲಿ ಬೆಳ್ಳಿ ಬೆರೆಸಿ, ಆಸಿಡ್‌ನಲ್ಲಿ ಕುದಿಯಲು ಇಟ್ಟರು. ಅಜ್ಜಿ ಗಾಜಿಗೆ ಮೂಗು ಒತ್ತಿ ನಿಂತರು, ಪಕ್ಕದಲ್ಲಿ ನಾನು. ಕುದಿಯುವವರೆಗೆ ಸುಮ್ಮನೆ ಯಾಕೆ ಎಂದುಕೊಂಡರೋ ಏನೋ, ಕಾಕ ಡಬ್ಬಿಯಿಂದ ಒಂದು ಹಿಡಿ ತಾಮ್ರ ಎತ್ತಿ ಬಕೆಟ್ಟಿಗೆ ಹಾಕಿದರು.

ಮೊದಲು ಸದ್ದು. ಬಿಸಿ ಕಾವಲಿಗೆ ನೀರು ಸುರಿದ ಹಾಗೆ. ಆಮೇಲೆ ಹೊಗೆ. ಫ್ಯಾನ್ ತಿರುಗುತ್ತಲೇ ಇತ್ತು, ಆದರೆ ಅದರ ಕೈಗೆ ಸಿಗುವ ಹೊಗೆಯೇ ಅದು? ಓಡಿ ಬರುವ ಬದಲು ಕಾಕ ಇಕ್ಕಳ ಹಿಡಿದು ತಾಮ್ರ ತೆಗೆಯಲು ಬಕೆಟ್ಟಿನ ಮೇಲೆ ಬಗ್ಗಿದರು. ಅವರ ಬಿಳಿ ಟೋಪಿ ಕಾಣಿಸಿತು, ಆಮೇಲೆ ಅದೂ ಇಲ್ಲ.

ಬಾಗಿಲು ತೆರೆದದ್ದು ನೆನಪಿಲ್ಲ. ಉಸಿರು ಬಿಗಿಹಿಡಿದದ್ದು ನೆನಪಿದೆ, ಕೈಗೆ ಅಂಗಿಯ ಕಾಲರ್ ಸಿಕ್ಕಿದ್ದು, ಆ ದೊಡ್ಡ ದೇಹ ನನ್ನ ಹಿಂದೆ ಹಗುರಾಗಿ ಬಂದದ್ದು ನೆನಪಿದೆ. ಬಾಗಿಲನ್ನು ಕಾಲಿನಿಂದ ಒದ್ದು ಮುಚ್ಚಿ, ಒಳಗಿನ ಒಲೆ ಆರಲೆಂದು ಹೊರಗಿನ ಮೇನ್ ಸ್ವಿಚ್ ಆರಿಸಿದೆ. ಅಂಗಡಿಯಿಂದಾಚೆ ಗಲ್ಲಿಯ ಬಿಸಿಲಿನಲ್ಲಿ ಇಬ್ಬರೂ ಕುಳಿತೆವು, ಅಜ್ಜಿಯೂ ಹಿಂದೆಯೇ ಹೊರಬಂದರು. ಕಾಕ ಕೆಮ್ಮಿದರು, ನೀರು ಕುಡಿದರು, ನಕ್ಕರು.

"ಎಂತ ಆಗ್ಲಿಲ್ಲ ಟೀಚರೇ. ಈ ಹೊಗೆ ನನಗೆ ಊದುಬತ್ತಿ ಇದ್ದ ಹಾಗೆ."

ಕಂದು ಹೊಗೆಯ ಮೋಸ ಅದೇ. ಕುಡಿದವನು ಎದ್ದು ಓಡಾಡುತ್ತಾನೆ, ಊಟ ಮಾಡುತ್ತಾನೆ. ಗಂಟೆಗಳು ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬತೊಡಗುತ್ತದೆ. ಪ್ರಯೋಗಾಲಯದ ಮೊದಲ ದಿನ ನಮಗೆ ಹೇಳಿಕೊಟ್ಟ ಪಾಠ. ಅದನ್ನೇ ಹೇಳಿದೆ, ಈಗಲೇ ಆಸ್ಪತ್ರೆಗೆ ಹೋಗದಿದ್ದರೆ ಸಂಜೆಗೆ ನೀವು ಉಳಿಯಲಿಕ್ಕಿಲ್ಲ ಎಂದೂ ಹೇಳಿದೆ. ಅವರು ಒಪ್ಪಲಿಲ್ಲ. ಒಳಗೆ ಗಿರಾಕಿಯ ಚೂರು ಇದೆ, ಉತ್ತರ ಕೊಡದೆ ಇಷ್ಟು ವರ್ಷದಲ್ಲಿ ಯಾರನ್ನೂ ಕಳಿಸಿಲ್ಲ ಎಂಬುದೇ ಅವರ ಮಾತು. ಎದ್ದು ಬಾಗಿಲ ಕಡೆಗೂ ನಡೆದರು.

ಅಡ್ಡ ನಿಂತದ್ದು ಅಜ್ಜಿ. ನನ್ನ ಕನ್ನಡ ಅವರಿಗೆ ತಿಳಿಯದು, ಆದರೆ ನನ್ನ ಮುಖ ತಿಳಿಯಿತು. ನಿಧಾನವಾದ ಅರಬಿಯಲ್ಲಿ, ನನಗೂ ಅರ್ಥವಾಗುವ ಹಾಗೆ ಕಾಕನಿಗೆ ಹೇಳಿದರು: "ನನ್ನ ತಾಯಿಯ ಬಳೆ ಇಷ್ಟು ವರ್ಷ ಕಾದಿದೆ, ಇನ್ನೊಂದು ವಾರ ಕಾಯುತ್ತದೆ. ನೀನು ಸತ್ತರೆ ಆ ಪೆಟ್ಟಿಗೆಯನ್ನು ಕೇಳಲೇ? ಖಲಾಸ್. ಕಾರು ಹತ್ತು."

ಕಾಕ ಹತ್ತಿದರು. ಅಜ್ಜಿಯ ಡ್ರೈವರ್ ಹಾರ್ನ್ ಒತ್ತುತ್ತ ಕಾರು ನುಗ್ಗಿಸಿದ. ಕಾಕ ನನ್ನತ್ತ ಬಾಗಿ, ಇಷ್ಟು ದೊಡ್ಡ ಕಾರಿನಲ್ಲಿ ಹೋಗಲಿಕ್ಕೆ ಹೊಗೆ ಕುಡಿಯಬೇಕಾಯ್ತು ಮಾರಾಯ್ರೆ ಎಂದು ಪಿಸುಗುಟ್ಟಿದರು. ನಾನು ಪ್ರತಿ ಸಿಗ್ನಲ್ಲಿನಲ್ಲೂ ಅವರ ತುಟಿಯ ಬಣ್ಣ ನೋಡುತ್ತಿದ್ದೆ.

ಆಸ್ಪತ್ರೆಯ ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಕಾಕ ಗೆದ್ದವರ ಹಾಗೆ ನನ್ನತ್ತ ನೋಡಿ ಚಪ್ಪಲಿಗೆ ಕಾಲು ಚಾಚಿದರು. ವೈದ್ಯೆಗೆ ನಾನು ಗ್ಯಾಸಿನ ಹೆಸರು ಹೇಳಿದೆ, ಎಷ್ಟು ಹೊತ್ತು ಬಗ್ಗಿದ್ದರು ಎಂದು ಹೇಳಿದೆ. ಆಕೆ ಪೆನ್ನು ಕೆಳಗಿಟ್ಟು, ಇವರು ಇಲ್ಲಿಂದ ಎಲ್ಲಿಗೂ ಹೋಗುವಂತಿಲ್ಲ ಎಂದರು.

ಮಧ್ಯಾಹ್ನ ಇಳಿದು, ಅಸರ್ ನಮಾಜಿನ ಹೊತ್ತಿಗೆ ಕಾಕನ ಮಾತು ತುಂಡಾಗತೊಡಗಿತು. ಎರಡು ಪದ, ಒಂದು ಉಸಿರು. ಆಮೇಲೆ ಒಂದು ಪದ, ಒಂದು ಉಸಿರು. ಪ್ರತಿ ಉಸಿರಿನಲ್ಲೂ ಸಣ್ಣ ಸೀಟಿ. ನರ್ಸ್‌ಗಳು ಓಡಿ ಬಂದರು, ಮಾಸ್ಕ್ ಬಂತು, ಪರದೆ ಎಳೆದರು. ಪರದೆಯ ಈಚೆ ನಾನು, ಅಜ್ಜಿ, ಅಜ್ಜಿಯ ಜಪಮಾಲೆ. ಸಂಜೆಯ ಎಕ್ಸ್‌ರೇಯಲ್ಲಿ ಎದೆ ಮೋಡ ಕವಿದ ಹಾಗಿತ್ತು. ಮನೆಯಲ್ಲಿ ಮಲಗಿದ್ದರೆ ಬದುಕುತ್ತಿರಲಿಲ್ಲ ಎಂದು ವೈದ್ಯೆ ನನಗೆ ಬೇರೆಯಾಗಿ ಹೇಳಿದರು.

ಮಾಸ್ಕ್ ತೆಗೆದ ದಿನ ನಾನು ಮಂಚದ ಪಕ್ಕದಲ್ಲೇ ಇದ್ದೆ. ಬಕೆಟ್ ಎಂತ ಆಯ್ತು ಎಂದು ಕೇಳಿದರು. ರಾಸಾಯನಿಕ ಕಸ ಒಯ್ಯುವವರಿಗೆ ಕೊಟ್ಟೆ, ಇನ್ನು ಗುರುವಾರ ತಾಮ್ರ ಇಲ್ಲ ಎಂದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಕಾಕ ಎದೆ ತುಂಬ ಒಂದು ಉಸಿರು ಎಳೆದುಕೊಂಡು, ಒಂದು ದೊಡ್ಡ ವಾಕ್ಯವನ್ನು ಎಲ್ಲೂ ನಿಲ್ಲದೆ ಹೇಳಿ ಮುಗಿಸಿದರು. ಏನು ಹೇಳಿದರೋ ನನಗೆ ಗೊತ್ತಾಗಲಿಲ್ಲ. ಉಸಿರಿನಲ್ಲಿ ಸೀಟಿ ಇದೆಯೋ ಎಂದಷ್ಟೇ ಕೇಳುತ್ತಿದ್ದೆ. ಇರಲಿಲ್ಲ.

"ಇನ್ನೊಮ್ಮೆ ಹೇಳಿ ಕಾಕ," ಎಂದೆ.