ಟೈಲರಕ್ಕನ ಕಳ್ಳಜೇಬು

ಕಳ್ಳಜೇಬು ಎಂದರೇನೆಂದು ಹೊಲಿಸಿಕೊಂಡವರಿಗೆಲ್ಲ ಗೊತ್ತು. ಅಂಗಿಯ ಒಳಮಗ್ಗುಲಿಗೆ, ಹೊರಗೆ ಕಾಣದ ಹಾಗೆ ಹೊಲಿಯುವ ಪುಟ್ಟ ಚೀಲ. ಕಳ್ಳರಿಂದ ಕಾಪಾಡಿಕೊಳ್ಳಲೆಂದು ಇಡಿಸುವ ಜೇಬಿಗೆ ಕಳ್ಳನ ಹೆಸರನ್ನೇ ಕಟ್ಟಿದ ಪುಣ್ಯಾತ್ಮ ಯಾರೋ ಏನೋ. ಸಿಕ್ಕಿದ್ದರೆ ಟೈಲರಕ್ಕ ಅವನ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದಳು. ಆ ಒಂದು ಮಾತಿನಿಂದ ಅವಳ ವರ್ಷಗಳ ಆಸೆ ಮೂರಾಬಟ್ಟೆಯಾಯಿತು.

ಟೈಲರಕ್ಕನ ಅಂಗಡಿ ಎಂದರೆ ಅವಳ ಮನೆಯ ಮುಂದಿನ ಕೋಣೆಯೇ. ಹೈಸ್ಕೂಲಿಗೆ ಹೋಗುವ ರಸ್ತೆಗೆ ಮುಖಮಾಡಿ ಒಂದು ಮಶೀನು, ಗೋಡೆಗೆ ಒರಗಿಸಿದ ಕತ್ತರಿಸುವ ಮೇಜು, ಹಗ್ಗದ ಮೇಲೆ ನೇತುಹಾಕಿದ ಅರ್ಧಂಬರ್ಧ ಅಂಗಿಗಳು. ಬಾಗಿಲ ಬಳಿಯ ಮಣೆಯ ಮೇಲೆ ಕೂತು ಗುಂಡಿ ಹಚ್ಚುವುದು, ಕಾಜಾ ಹಾಕುವುದು ಅವಳ ಅತ್ತೆಯ ಕೆಲಸ. ಬಂದ ಗಿರಾಕಿಯ ಮನೆಯ ಸುದ್ದಿಯೆಲ್ಲ ಕೆದಕಿ ಕೇಳುವುದೂ ಅತ್ತೆಯದೇ ಕೆಲಸ. ಆದರೆ ಯಾರ ಅಂಗಿಯೊಳಗೆ ಏನಿದೆ, ಯಾರ ಸೊಂಟ ಎಷ್ಟು ಹಿಗ್ಗಿದೆ, ಯಾರು ಯಾರ ಹಳೇ ಕೋಟನ್ನು ಬಿಚ್ಚಿಸಿ ಹೊಸದೆಂದು ಹಾಕಿಕೊಂಡರು ಎಂಬ ಮಾತು ಮಾತ್ರ ಆ ಹೊಸಿಲು ದಾಟುತ್ತಿರಲಿಲ್ಲ. ಅದು ಆ ಮನೆಯ ಮರ್ಯಾದೆ. ಅತ್ತೆಯಂಥ ಅತ್ತೆಯೂ ಆ ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು.

ಮಧ್ಯಾಹ್ನದ ಹೊತ್ತು ಟೈಲರಕ್ಕ ಹೊಲಿಗೆ ತರಬೇತಿ ಕೇಂದ್ರದಲ್ಲಿ ಹುಡುಗಿಯರಿಗೆ ಪಾಠ ಹೇಳುತ್ತಿದ್ದಳು. ಕಾಯಂ ಅಲ್ಲ, ಹಂಗಾಮಿ. ಇವತ್ತು ಬಾ ಎಂದರೆ ಹೋಗಬೇಕು, ನಾಳೆ ಬೇಡ ಎಂದರೆ ಸುಮ್ಮನಿರಬೇಕು. ಅಲ್ಲಿನ ಕಾಯಂ ಶಿಕ್ಷಕಿ ನಿವೃತ್ತರಾಗುವ ಕಾಲ ಬಂದಾಗ ಕೇಂದ್ರದ ಮುಖ್ಯಸ್ಥರು ಇವಳನ್ನು ಕರೆದು, "ಹತ್ತನೇ ಕ್ಲಾಸ್ ಪಾಸು ಮಾಡ್ಕೊಂಡು ಬಾರಮ್ಮ, ಈ ಕುರ್ಚಿ ನಿಂದೇ. ಆದರೆ ಈ ಸಲಾನೇ ಆಗ್ಬೇಕು, ಮುಂದಿನ ಸಲಕ್ಕೆ ನಿನ್ನ ವಯಸ್ಸು ಮೀರಿಹೋಗುತ್ತೆ" ಎಂದಿದ್ದರು. ಟೈಲರಕ್ಕ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೂ ಪುಸ್ತಕ ತಂದಳು. ಮಶೀನಿನ ಮುಂದೆ ಪುಸ್ತಕ ಒರಗಿಸಿಕೊಂಡು, ಕಾಲಲ್ಲಿ ಪೆಡಲು ತುಳಿಯುತ್ತ, ಬಾಯಲ್ಲಿ ನದಿಗಳ ಹೆಸರು ಹೇಳಿಕೊಳ್ಳುತ್ತ ಓದಿದಳು. ಅತ್ತೆ ಗುಂಡಿ ಹಚ್ಚುತ್ತಲೇ, "ಮೊನ್ನೆ ಇನ್ನೊಂದು ನದಿ ಇತ್ತಲ್ಲೇ, ಅದೆಲ್ಲಿ ಬತ್ತಿಹೋಯ್ತು?" ಎಂದು ಕೇಳಿ ಕೇಳಿ, ಕೊನೆಗೆ ಅತ್ತೆಗೇ ಅರ್ಧ ಪಾಠ ಬಾಯಿಪಾಠವಾಯಿತು.

ಕೊನೆಯ ಪತ್ರಿಕೆಯ ದಿನ ಬೆಳಗ್ಗೆ ಒಂದು ಕೋಟು ಕುತ್ತಿಗೆಗೆ ಬಂತು. ತೋಳು ಗಿಡ್ಡ ಮಾಡಲು ಕೊಟ್ಟಿದ್ದ ಗಿರಾಕಿ, ಇವತ್ತೇ ಬೇಕೆಂದು ಹಟ ಹಿಡಿದಿದ್ದ. ಪರೀಕ್ಷೆಗೆ ಹೊರಟು ನಿಂತವಳು, ಎರಡು ಹೊಲಿಗೆ ತಾನೇ ಎಂದು ಮಶೀನಿಗೆ ಕೂತಳು. ಮಶೀನಿಗೆ ಕೂತರೆ ಅವಳ ಕೈ ತನ್ನಷ್ಟಕ್ಕೆ ಮಾಡುವ ಕೆಲಸವೊಂದಿದೆ. ಫೋನು ಹಲಗೆಯ ಮೇಲಿದ್ದರೆ ಮಶೀನು ಅದುರಿ ಅದುರಿ ಅದು ತೆವಳಿಕೊಂಡು ಹೋಗಿ ಕೆಳಗೆ ಬೀಳುತ್ತದೆ. ಅದಕ್ಕೇ ಕೂತ ಕೂಡಲೆ ಫೋನನ್ನು ತನ್ನ ಉದ್ದಂಗಿಯ ಕಳ್ಳಜೇಬಿಗೆ ಇಳಿಬಿಡುತ್ತಾಳೆ. ಅವತ್ತೂ ಬಿಟ್ಟಳು. ಬಿಟ್ಟದ್ದು ಅವಳಿಗೆ ಗೊತ್ತೇ ಇಲ್ಲ. ಕೋಟನ್ನು ಅತ್ತೆಯ ಕೈಗಿಟ್ಟು, ಚೀಲ ಹೆಗಲಿಗೇರಿಸಿ ಓಡಿದಳು.

ಹೈಸ್ಕೂಲಿನ ಗೇಟಿನಲ್ಲಿ ಕಾವಲಿನವನು ಕೇಳಿದ. "ಮೊಬೈಲು?"

"ಬ್ಯಾಗಲ್ಲಿದೆ" ಎಂದು ಚೀಲವನ್ನು ಅಲ್ಲಿನ ಬೆಂಚಿನ ಮೇಲಿಟ್ಟು, ಪೆನ್ನು ಮಾತ್ರ ಹಿಡಿದು ಒಳಗೆ ಹೋದಳು. ಮನಸ್ಸಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ.

ಕೋಣೆಗೆ ಮೇಲ್ವಿಚಾರಕಿಯಾಗಿ ಬಂದವರು ಟೀಚರಮ್ಮ. ಟೈಲರಕ್ಕನಿಗೆ ಜೀವ ಬಂದಂತಾಯಿತು. ಟೀಚರಮ್ಮ ಅವಳ ಹಳೇ ಗಿರಾಕಿ. ಬಸ್ಸಿನಲ್ಲಿ ಪರ್ಸು ಕಳೆದುಕೊಂಡ ಮೇಲೆ ತಮ್ಮ ಅಂಗಿಗಳಿಗೆಲ್ಲ ಇವಳ ಹತ್ತಿರವೇ ಕಳ್ಳಜೇಬು ಇಡಿಸಿಕೊಂಡಿದ್ದರು. ಮಗಳ ಬಟ್ಟೆಗೂ ಇಡಿಸಿದ್ದರು.

ಪತ್ರಿಕೆ ಸಲೀಸಾಗಿತ್ತು. ನದಿಗಳೂ ಬಂದಿದ್ದವು. ಅವಳು ಕೊನೆಯ ಪುಟಕ್ಕೆ ಬಂದಾಗ ಸೊಂಟದ ಬಳಿ ಫೋನು ಬಡಕೊಳ್ಳತೊಡಗಿತು. ಅಷ್ಟೂ ಜನ ತಿರುಗಿ ನೋಡಿದರು. ಅವಳೂ ಯಾರದೆಂದು ತಿರುಗಿ ನೋಡಿದಳು, ಪಾಪ. ತನ್ನದೇ ಎಂದು ತಿಳಿದಾಗ ತಡಬಡಿಸಿ ಅದನ್ನು ಹೊರಗೆ ತೆಗೆದಳು.

ಟೀಚರಮ್ಮ ಬಂದು ನಿಂತರು. "ಎಲ್ಲಿತ್ತು ಇದು?"

"ಕಳ್ಳಜೇಬಲ್ಲಿತ್ತು ಮೇಡಂ. ಮರೆತೇ ಹೋಗಿತ್ತು. ಬೆಳಗ್ಗೆ ಮಶೀನಿಗೆ ಕೂತಾಗ..."

"ಸಾಕು, ಎದ್ದೇಳಿ" ಎಂದರು ಟೀಚರಮ್ಮ. ದಿನಾ ಏಕವಚನದಲ್ಲಿ ಸಲಿಗೆಯಿಂದ ಕರೆಯುತ್ತಿದ್ದವರು ಆ ದಿನ ಬಹುವಚನಕ್ಕೆ ಹೋದರು. ಉತ್ತರಪತ್ರಿಕೆ ಕಿತ್ತುಕೊಂಡರು. ವರದಿಯಲ್ಲಿ ಹೀಗೆ ಬರೆದರು: ಅಭ್ಯರ್ಥಿಯು ಮೊಬೈಲನ್ನು ಕಳ್ಳಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದುದಾಗಿ ತಾನೇ ಒಪ್ಪಿಕೊಂಡಿರುತ್ತಾಳೆ. ಇವಳು ಹೇಳಿದ ಮಾತಿನಲ್ಲಿ 'ಕಳ್ಳಜೇಬು' ಉಳಿಯಿತು, 'ಮರೆತೆ' ಹಾರಿಹೋಯಿತು. 'ಬಚ್ಚಿಟ್ಟುಕೊಂಡಿದ್ದು' ಎಲ್ಲಿಂದ ಬಂತು? ಬರೆಯುವ ಕೈಗೆ ಯಾರು ಅಡ್ಡ ಬರುತ್ತಾರೆ, ಹೇಳಿ.

ವಿಚಾರಣೆಗೆ ಕರೆದದ್ದು ಒಂದು ಉದ್ದನೆಯ ಕೋಣೆಗೆ. ಮೇಜಿನ ಆಚೆ ಪರೀಕ್ಷಾಧಿಕಾರಿ, ಅವರ ಪಕ್ಕ ಟೀಚರಮ್ಮ. ಈಚೆ ಟೈಲರಕ್ಕ ನಿಂತೇ ಇದ್ದಳು. ಕುರ್ಚಿ ಇತ್ತು, ಕೂರು ಎನ್ನುವ ಬಾಯಿ ಇರಲಿಲ್ಲ.

"ಫೋನ್ ಮಾಡಿದ್ದು ಯಾರು?" ಅಧಿಕಾರಿ ಕೇಳಿದರು.

"ನಮ್ಮತ್ತೆ ಸರ್."

"ಹೊರಗಡೆಯಿಂದ ಉತ್ತರ ಹೇಳ್ಕೊಡೋಕೆ?"

"ಸರ್, ಕೋಟಿನವನು ಬಾಗಿಲಲ್ಲಿ ಬಂದು ಕೂತಿದ್ದ. ಎಷ್ಟು ದುಡ್ಡು ಇಸ್ಕೊಳ್ಲಿ ಅಂತ ಕೇಳೋಕೆ ಮಾಡಿದ್ರು. ನಮ್ಮತ್ತೆಗೆ ಓದೋಕೆ ಬರಲ್ಲ. ಗಡಿಯಾರ ನೋಡೋಕೂ ಬರಲ್ಲ. ಪರೀಕ್ಷೆ ಮುಗಿದಿರುತ್ತೆ ಅಂದ್ಕೊಂಡಿದ್ರು."

"ಅದೆಲ್ಲಾ ಇರಲಿ. ಬಚ್ಚಿಡೋ ಉದ್ದೇಶ ಇಲ್ಲದಿದ್ರೆ ಕಳ್ಳಜೇಬು ಯಾಕಿತ್ತು?"

"ಅದು ಹೊಲಿಗೆಯವರ ಮಾತು ಸರ್. ಎಲ್ಲರೂ ಹಾಗೇ ಅಂತಾರೆ. ಅಂಥ ಜೇಬು ಎಷ್ಟೋ ಜನ ಇಡಿಸ್ತಾರೆ."

ಅಧಿಕಾರಿ ಟೀಚರಮ್ಮನ ಕಡೆ ತಿರುಗಿದರು. "ಹೌದೇನ್ರೀ? ಹಾಗೂ ಇರುತ್ತಾ?"

ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು, "ನಾನಂತೂ ಕೇಳಿಲ್ಲ ಸರ್" ಎಂದರು.

ಕೇಳಿಲ್ಲವಂತೆ. ಅವರು ತೊಟ್ಟಿದ್ದ ಆ ಬೂದು ಬಣ್ಣದ ಉದ್ದಂಗಿ ಟೈಲರಕ್ಕನ ಕೈಯಲ್ಲೇ ಹುಟ್ಟಿದ್ದು. ಎಡಗಡೆ ಒಳಮಗ್ಗುಲಲ್ಲಿ ಜೇಬು ಕೂತಿತ್ತು, ಅದರಲ್ಲಿ ಪರ್ಸೂ ಇತ್ತು, ಬಟ್ಟೆ ಅಲ್ಲಿ ಒಂದು ಚೂರು ಉಬ್ಬಿತ್ತು. ಟೈಲರಕ್ಕನ ಕಣ್ಣು ಅಲ್ಲಿಗೆ ಹೋಯಿತು. ಟೀಚರಮ್ಮನ ಕೈಯೂ ಅಲ್ಲಿಗೆ ಹೋಗಿ ಮುಚ್ಚಿಕೊಂಡಿತು. ಅಷ್ಟರಲ್ಲಿ ಅಧಿಕಾರಿಯ ಫೋನು ರಿಂಗಾಯಿತು. ಅವರು ಕೋಟಿನ ಒಳಗೆ ಕೈ ಹಾಕಿ, ಫೋನು ತೆಗೆದು, "ಆಮೇಲೆ ಮಾಡ್ತೀನಿ, ವಿಚಾರಣೇಲಿದೀನಿ" ಎಂದು ಮತ್ತೆ ಅದೇ ಒಳಗೆ ಇಳಿಸಿಕೊಂಡರು. ಅವರದು ಒಳಜೇಬು. ಇವಳದು ಕಳ್ಳಜೇಬು.

ಟೈಲರಕ್ಕನಿಗೆ ಅಡಿಯಿಂದ ಮುಡಿವರೆಗೂ ಉರಿದುಹೋಯಿತು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ಗಿರಾಕಿಯ ಅಂಗಿಯೊಳಗಿನ ಮಾತು ಹೊಸಿಲು ದಾಟಬಾರದಲ್ಲ. ಹಾಳು ಮರ್ಯಾದೆ. ನಾಲಿಗೆ ಕಚ್ಚಿಕೊಂಡು ನಿಂತಳು. ಹಾಗೆ ನಿಂತದ್ದನ್ನೇ ತಪ್ಪು ಒಪ್ಪಿದ ಹಾಗೆ ಎಂದುಕೊಂಡರು. ಬರೆದ ಪತ್ರಿಕೆಗಳೆಲ್ಲ ರದ್ದು, ಮುಂದಿನ ಪರೀಕ್ಷೆಗೂ ಕೂರುವಂತಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಕೈತೊಳೆದುಕೊಂಡರು.

ಮನೆಗೆ ಬಂದು ಹೇಳಿದಾಗ ಅತ್ತೆ ಎದೆ ಬಡಿದುಕೊಂಡಳು. "ನನ್ನ ಕೈಗಿಷ್ಟು ಬೆಂಕಿ ಬೀಳ. ನಾನ್ಯಾಕಾದ್ರೂ ಆ ಗುಂಡಿ ಒತ್ತಿದ್ನೋ."

"ನಿಮ್ಮ ತಪ್ಪೇನಿದೆ ಅತ್ತೆ, ಬಿಡಿ."

"ಮತ್ತೆ ಅವಳು? ನಿನ್ನ ಕೈಲಿ ಹೊಲಿಸ್ಕೊಂಡು, ನಿನ್ನ ಮುಂದೇನೇ ಕೇಳಿಲ್ಲ ಅಂದ್ಲಾ? ನೀನು ಬಾಯಲ್ಲಿ ಏನಿಟ್ಕೊಂಡಿದ್ದೆ? ಅಂಗಿ ಎತ್ತಿ ತೋರಿಸ್ಬಾರದಿತ್ತಾ?"

"ಅವರು ಗಿರಾಕಿ, ಅತ್ತೆ."

"ನಿನ್ನಂಥ ಬೆಪ್ಪುತಕ್ಕಡೀನ ನಾನು ಕಂಡಿಲ್ಲ ಕಣೇ" ಎಂದಳು ಅತ್ತೆ. ಅವತ್ತು ಒಂದು ಗುಂಡಿಯನ್ನೂ ಹಚ್ಚಲಿಲ್ಲ.

ತರಬೇತಿ ಕೇಂದ್ರದ ಕುರ್ಚಿಗೆ ಇನ್ಯಾರೋ ಬಂದರು. ಬಂದವರ ತಪ್ಪಲ್ಲ, ಅವರ ಹತ್ತಿರ ಪಾಸಾದ ಕಾಗದವಿತ್ತು. ಹೊಸಬರು ಬಂದ ಮೇಲೆ ಹಂಗಾಮಿಯೂ ಬೇಡವಾಯಿತು. ಟೈಲರಕ್ಕ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದಳು. ಟೀಚರಮ್ಮ ಅಂಗಡಿಯ ಮುಂದೆ ಹಾಯುವಾಗ ಅತ್ತ ಕಡೆಯ ಗೋಡೆಯನ್ನು ಬಹಳ ಆಸಕ್ತಿಯಿಂದ ನೋಡುತ್ತ ಹೋಗುತ್ತಿದ್ದರು.

ಮರುವರ್ಷ ಪರೀಕ್ಷೆಯ ಕಾಲಕ್ಕೆ ಶಾಲೆಯ ಗೇಟಿಗೆ ಒಂದು ನೋಟೀಸು ಅಂಟಿಸಿದರು: ಕಳ್ಳಜೇಬುಳ್ಳ ಉಡುಪು ಧರಿಸಿ ಬಂದವರಿಗೆ ಪ್ರವೇಶವಿಲ್ಲ. ಟೈಲರಕ್ಕನ ಬಾಯಿಂದ ಬಿದ್ದ ಮಾತು ಗೋಡೆಯ ಮೇಲೆ ದಪ್ಪಕ್ಷರವಾಗಿ ಕೂತಿತ್ತು. ಅವಳನ್ನು ಹೊರಗೆ ಹಾಕಿದವರು ಅವಳ ಮಾತನ್ನು ಒಳಗೆ ಇಟ್ಟುಕೊಂಡರು. ಇಂಥ ಭಂಡತನಕ್ಕೆ ಏನೆನ್ನಬೇಕು? ಆ ರಸ್ತೆಯ ಮಕ್ಕಳೆಲ್ಲ ಜೇಬು ಮುಚ್ಚಿಸಿಕೊಳ್ಳಲು ಇವಳ ಅಂಗಡಿಗೇ ಬಂದರು. ಇವಳೇ ಇಟ್ಟ ಜೇಬುಗಳ ಬಾಯಿಯನ್ನು ಇವಳೇ ಹೊಲಿದಳು.

ಪರೀಕ್ಷೆಯ ಬೆಳಗ್ಗೆ ಬಾಗಿಲಲ್ಲಿ ಏದುಸಿರು ಕೇಳಿಸಿತು. ಟೀಚರಮ್ಮ, ಹಿಂದೆ ಅವರ ಮಗಳು. ಹುಡುಗಿ ಹತ್ತನೇ ಕ್ಲಾಸು. ಗುಂಡಿ ಹಚ್ಚುತ್ತಿದ್ದ ಅತ್ತೆ ಸೂಜಿ ನಿಲ್ಲಿಸಿದಳು.

"ಇವಳ ಜೇಬೊಂದು ಮುಚ್ಚಿಕೊಡು ಕಣೇ" ಎಂದರು ಟೀಚರಮ್ಮ. ಏಕವಚನ ಮತ್ತೆ ಮರಳಿತ್ತು. "ದಾರೀಲಿ ಬರ್ತಾ ನೆನಪಾಯ್ತು. ಇನ್ನೇನು ಗೇಟು ಹಾಕಿಬಿಡ್ತಾರೆ. ಬೇಗ."

ಅಂಗಿ ಹುಡುಗಿಯ ಮೈಮೇಲೇ ಇತ್ತು. ಮಶೀನಿಗೆ ಕೊಡುವಷ್ಟು ಹೊತ್ತಿಲ್ಲ, ಕೈಹೊಲಿಗೆಯೇ ಹಾಕಬೇಕು. ಟೈಲರಕ್ಕ ಸೂಜಿಗೆ ದಾರ ಪೋಣಿಸಿ, ಮಂಡಿಯೂರಿ ಕೂತು, ಅಂಗಿಯ ಒಳಮಗ್ಗುಲಿಗೆ ಕೈ ಹಾಕಿದಳು. ಬೆರಳಿಗೆ ಫೋನು ಸಿಕ್ಕಿತು.

ಹುಡುಗಿಗೆ ಗೊತ್ತಿರಲಿಲ್ಲ. ಹುಡುಗಿ ಕಣ್ಣು ಮುಚ್ಚಿ ಏನನ್ನೋ ಬಾಯಿಪಾಠ ಹೇಳಿಕೊಳ್ಳುತ್ತಿತ್ತು. ತಾಯಿ ರಸ್ತೆ ನೋಡುತ್ತಿದ್ದರು. ಟೈಲರಕ್ಕನ ಬೆರಳು ಫೋನಿನ ಮೇಲೆ ಹಾಗೇ ನಿಂತಿತು. ಅದನ್ನು ಒಳಗೇ ಬಿಟ್ಟು ಮೇಲೆ ನಾಲ್ಕು ಹೊಲಿಗೆ ಹಾಕಿದರೆ ಮುಗಿಯಿತು. ಮುಂದಿನದ್ದನ್ನು ಆ ಗೇಟು, ಆ ಕೋಣೆ, ಆ ಉದ್ದನೆಯ ಮೇಜು ನೋಡಿಕೊಳ್ಳುತ್ತವೆ. ಯಾರೂ ಅವಳನ್ನು ಕೇಳುವಂತಿಲ್ಲ.

ಅವಳು ಫೋನು ಹೊರಗೆ ತೆಗೆದು ಟೀಚರಮ್ಮನ ಮುಂದೆ ಹಿಡಿದಳು.

ಹುಡುಗಿಯ ಮುಖ ಬಿಳಿಚಿಕೊಂಡಿತು. ಟೀಚರಮ್ಮ ಒಮ್ಮೆಲೆ, "ಅಯ್ಯೋ, ಮರೆತುಬಿಟ್ಟಿದೆ ಪಾಪ. ಓದೋ ಗಡಿಬಿಡೀಲಿ ಮಗುಗೆ ಗೊತ್ತೇ ಆಗಿಲ್ಲ" ಎಂದರು.

"ಗೊತ್ತು ಮೇಡಂ" ಎಂದಳು ಟೈಲರಕ್ಕ. ಜೇಬಿನ ಬಾಯಿಗೆ ಹೊಲಿಗೆ ಹಾಕುತ್ತಲೇ ಹೇಳಿದಳು. "ಮಗು ಮುಖ ನೋಡಿದ್ರೇನೇ ತಿಳಿಯುತ್ತೆ, ಮರೆತಿದಾಳೆ ಅಂತ. ಹೋದ ವರ್ಷ ನನ್ನ ಮುಖ ನೋಡಿದಾಗ ನಿಮಗೂ ಹಾಗೇ ತಿಳಿದಿತ್ತು."

ಟೀಚರಮ್ಮ, "ನಿಯಮ ಇತ್ತಲ್ಲ ಕಣೇ" ಎಂದು ಏನೋ ಗೊಣಗಿದರು.

"ನಿಯಮಕ್ಕೆ ನಾನೇನೂ ಅನ್ನಲ್ಲ. ನಾನು ಮರೆತೆ ಅಂದಿದ್ದೆ. ನೀವು ಅದನ್ನ ಬರೀಲಿಲ್ಲ. ಕಳ್ಳಜೇಬು ಅಂದ್ರೆ ಗೊತ್ತಿಲ್ಲ ಅಂದ್ರಿ. ನಾನು ಹೊಲಿದ ಅಂಗೀಲಿ ಕೂತ್ಕೊಂಡು ಅಂದ್ರಿ." ಅವಳು ಹಲ್ಲಿನಿಂದ ದಾರ ಕಡಿದಳು. "ನಡಿಯಮ್ಮ, ಹೊತ್ತಾಯ್ತು. ಹೆದರ್ಕೋಬೇಡ, ಚೆನ್ನಾಗಿ ಬರಿ."

ಹುಡುಗಿ ಓಡಿತು. ಟೀಚರಮ್ಮ ಫೋನನ್ನು ಮೇಜಿನ ಮೇಲೆ ಬಿಟ್ಟು, "ಇಲ್ಲೇ ಇರಲಿ, ಆಮೇಲೆ ಬಂದು ತಗೋತೀನಿ" ಎಂದು ಮಗಳ ಹಿಂದೆ ಹೋದರು. ಈ ಸಲ ಯಾವ ಗೋಡೆಯನ್ನೂ ನೋಡಲಿಲ್ಲ, ನೆಲ ನೋಡುತ್ತ ಹೋದರು.

ಅತ್ತೆ ಸೊಸೆ ತಮ್ಮ ತಮ್ಮ ಕೆಲಸಕ್ಕೆ ಕೂತರು. ಶಾಲೆಯ ಗಂಟೆ ಹೊಡೆದು ಬಹಳ ಹೊತ್ತಾದ ಮೇಲೆ, ಮೇಜಿನ ಮೇಲಿದ್ದ ಆ ಫೋನು ರಿಂಗಾಗತೊಡಗಿತು. ಪರದೆಯ ಮೇಲೆ 'ಅಜ್ಜಿ' ಎಂದಿತ್ತು. ನಿಂತಿತು, ಮತ್ತೆ ರಿಂಗಾಯಿತು. ಟೈಲರಕ್ಕ ಎತ್ತಿಕೊಂಡಳು.

"ಪುಟ್ಟಿ, ಪರೀಕ್ಷೆ ಮುಗೀತೇನೇ?" ಎಂದಿತು ಮುದಿ ದನಿ.

"ಇಲ್ಲ ಅಜ್ಜಿ, ಇನ್ನೂ ಬರೀತಿದಾಳೆ."

"ನೀನ್ಯಾರು? ನಮ್ಮ ಮಗು ಫೋನು ನಿನ್ನ ಕೈಗೆ ಹೇಗೆ ಬಂತು?" ದನಿ ಗಡುಸಾಯಿತು.

ಟೈಲರಕ್ಕನಿಗೆ ನಗು ಬಂತು, ಅದರ ಬೆನ್ನಿಗೇ ತಡೆಯಲಾರದ ಸಿಟ್ಟೂ ಬಂತು. "ಕದ್ದಿಲ್ಲ ಅಜ್ಜಿ. ಅವಳ ಜೇಬಲ್ಲಿ ಮರೆತು ಉಳಿದಿತ್ತು, ತೆಗೆದಿಟ್ಟೆ. ಒಳಗೆ ಹೋಗಿದ್ರೆ ನೀವು ಈಗ ಮಾಡಿದ ಈ ಫೋನಿಗೆ ಅವಳ ವರ್ಷ ಮಣ್ಣುಪಾಲಾಗ್ತಿತ್ತು" ಎಂದು ಹೇಳಿ ಇಟ್ಟಳು.

ಅತ್ತೆ ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟಳು. ಆಮೇಲೆ ದನಿ ತಗ್ಗಿಸಿ ಕೇಳಿದಳು. "ನಿಜ ಹೇಳು. ಅದನ್ನ ಒಳಗೇ ಬಿಟ್ಟು ಹೊಲಿದುಬಿಡೋಣ ಅನ್ನಿಸ್ಲಿಲ್ವಾ ನಿಂಗೆ?"

"ಅನ್ನಿಸ್ತು ಅತ್ತೆ" ಎಂದಳು ಟೈಲರಕ್ಕ. "ಸೂಜಿ ಅಲ್ಲಿವರೆಗೂ ಹೋಗಿತ್ತು."

"ಮತ್ತೆ?"

"ಆ ಕಡೆಯಿಂದ ಫೋನ್ ಮಾಡೋಳು ಪಾಪ ಯಾವುದೋ ಮುದುಕಿ ಇರ್ತಾಳೆ ಅಂತ ನೆನಪಾಯ್ತು."

ಅತ್ತೆ ಅಂಗಿಯನ್ನು ಮತ್ತೆ ಎತ್ತಿಕೊಂಡಳು. ಸೂಜಿಗೆ ದಾರ ಪೋಣಿಸಲು ಹೋದರೆ ಕಣ್ಣು ಮಂಜಾಗಿ ಕಾಣಲಿಲ್ಲ. ಸೂಜಿಯನ್ನು ಸೊಸೆಯ ಕಡೆ ಚಾಚಿದಳು, ಸೊಸೆ ಪೋಣಿಸಿ ಕೊಟ್ಟಳು.